ಲಂಡನ್ನಿನ ಫ್ಲ್ಯಾಟು ಮತ್ತು ಎಂಬತ್ತನೆಯ ವರ್ಷ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಆ ಎರಡು ಕೆಲಸಗಳ ಕಷ್ಟವನ್ನು ಚೆನ್ನಾಗಿ ಬಲ್ಲವರಾಗಿ. ಕಷ್ಟವೇನೋ ಸರಿ, ಆದರೆ ಒಮ್ಮೆ ಕ್ರಯಪತ್ರ ರಿಜಿಸ್ಟರಾಗಿ ಖಾತೆ ನಮ್ಮ ಹೆಸರಿಗೆ ಬಂತೆಂದರೆ ನಾವು ನಿಶ್ಚಿಂತರು. ಮನೆ ನಮ್ಮದು, ನಮ್ಮ ಮಕ್ಕಳದು, ಮೊಮ್ಮಕ್ಕಳದು. ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಫ್ಲ್ಯಾಟು ಕೊಂಡವರ ಸ್ಥಿತಿ ಹಾಗಲ್ಲ. ಪೂರ್ತಿ ಬೆಲೆ ತೆತ್ತು, ಇಪ್ಪತ್ತೈದು ವರ್ಷದ ಸಾಲ ಹೊತ್ತು ಕೊಂಡ ಫ್ಲ್ಯಾಟು ಅಲ್ಲಿ ಸಾಮಾನ್ಯವಾಗಿ ಇಂತಿಷ್ಟು ವರ್ಷಗಳ ಮಟ್ಟಿಗೆ ಮಾತ್ರ ಕೊಂಡವರದು. ಆ ವರ್ಷಗಳು ತೀರಿದ ದಿನ ಗೋಡೆ, ಬಾಗಿಲು, ಕೊಠಡಿ, ಅಡಿಗೆಮನೆ ಎಲ್ಲವೂ ನೆಲದ ಮೂಲ ಒಡೆಯನಿಗೆ ಸೇರುತ್ತದೆ.

ಇದು ದೂರದ ದೇಶದ ಸಮಾಚಾರ, ನಮಗೇಕೆ ಎಂದು ಕೇಳಬಹುದು. ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡಗಳ ಎಷ್ಟೋ ಮನೆಗಳ ಮಕ್ಕಳು ಇಂದು ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ಗಳಲ್ಲಿ ವೈದ್ಯರಾಗಿ, ದಾದಿಯರಾಗಿ, ಎಂಜಿನಿಯರುಗಳಾಗಿ ನೆಲೆಸಿದ್ದಾರೆ. ಅವರು ಮೊದಲು ಕೊಳ್ಳುವುದು ಬಹುಮಟ್ಟಿಗೆ ಫ್ಲ್ಯಾಟನ್ನೇ. ಮುಂಗಡಕ್ಕೆ ಹಣ ಸಾಲದಾಗ ಊರಿನಲ್ಲಿರುವ ತಂದೆ ತಾಯಿ ತಮ್ಮ ಉಳಿತಾಯದಿಂದ ಕಳುಹಿಸುವುದೂ ಉಂಟು. “ಅಪ್ಪಾ, ಮನೆ ತೆಗೆದುಕೊಳ್ಳುತ್ತಿದ್ದೇವೆ” ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾವು ಎಷ್ಟು ಕೋಣೆ, ಯಾವ ದಿಕ್ಕಿಗೆ ಬಾಗಿಲು ಎಂದು ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಲೀಸಿನಲ್ಲಿ ಇನ್ನು ಎಷ್ಟು ವರ್ಷ ಉಳಿದಿದೆ?

ಲೀಸು ಎಂಬ ಮಾತು ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಮನೆಯನ್ನು ಲೀಸಿಗೆ ಅಥವಾ ಭೋಗ್ಯಕ್ಕೆ ಹಾಕಿಕೊಂಡರು ಎಂದರೆ, ಒಂದು ಇಡುಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಗಂಟನ್ನು ಮರಳಿ ಪಡೆಯುವುದೆಂದು ಅರ್ಥ. ಇಂಗ್ಲೆಂಡಿನ ಲೀಸು ಅದಲ್ಲ. ಅಲ್ಲಿ ಕೊಟ್ಟ ಹಣ ಮರಳಿ ಬರುವುದಿಲ್ಲ. ಅದಕ್ಕೆ ಹತ್ತಿರದ ಹೋಲಿಕೆ ಬೇಕಾದರೆ ದಕ್ಷಿಣ ಕನ್ನಡದ ಗೇಣಿ ಪದ್ಧತಿಯನ್ನು ನೆನೆಯಬೇಕು. ಅಲ್ಲಿ ಚಾಲಗೇಣಿ ವರುಷ ವರುಷದ ಮಾತು. ಮೂಲಗೇಣಿಯಾದರೋ ಗೊತ್ತಾದ ಗೇಣಿಗೆ ತಲೆತಲಾಂತರ ನಡೆಯತಕ್ಕದ್ದು. ಇಂಗ್ಲೆಂಡಿನ ದೀರ್ಘ ಲೀಸು ಇವೆರಡರ ನಡುವಿನದು. ಮೂಲಗೇಣಿಯಂತೆ ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಅಡವಿಡಬಹುದು. ಆದರೆ ಅದಕ್ಕೊಂದು ಕೊನೆಯ ದಿನ ಉಂಟು. ೯೯ ವರ್ಷ, ೧೨೫ ವರ್ಷ, ಕೆಲವೆಡೆ ೯೯೯ ವರ್ಷ. ಜತೆಗೆ ಹಳೆಯ ಲೀಸುಗಳಲ್ಲಿ ವರ್ಷಕ್ಕಿಷ್ಟೆಂದು ಮೂಲ ಒಡೆಯನಿಗೆ ನೆಲಬಾಡಿಗೆ ಕೊಡಬೇಕು.

ಈ ಪದ್ಧತಿ ಹೇಗೆ ಬಂತು? ಲಂಡನ್ನಿನ ಎಷ್ಟೋ ಬಡಾವಣೆಗಳು ಕೆಲವೇ ಶ್ರೀಮಂತ ಮನೆತನಗಳ ಜಮೀನಿನ ಮೇಲೆ ಎದ್ದವು. ೧೬೭೭ರಲ್ಲಿ ಸರ್ ಥಾಮಸ್ ಗ್ರೋವ್ನರ್ ಎಂಬಾತ ಮೇರಿ ಡೇವಿಸ್ ಎಂಬ ಹನ್ನೆರಡು ವರ್ಷದ ಹುಡುಗಿಯನ್ನು ಮದುವೆಯಾದ. ಆಕೆಯ ಜತೆಗೆ ನಗರದ ಪಶ್ಚಿಮಕ್ಕಿದ್ದ ಸುಮಾರು ೫೦೦ ಎಕರೆ ಹುಲ್ಲುಗಾವಲು, ಜೌಗುನೆಲ ಅವನ ಮನೆತನಕ್ಕೆ ಬಂತು. ಇಂದು ಜಗತ್ತಿನ ಅತಿ ದುಬಾರಿ ಬಡಾವಣೆಗಳೆನಿಸಿದ ಮೇಫೇರ್ ಮತ್ತು ಬೆಲ್‌ಗ್ರೇವಿಯ ಎದ್ದದ್ದು ಆ ನೆಲದ ಮೇಲೆಯೇ. ಇಂತಹ ಒಡೆಯರು ನೆಲವನ್ನು ಮಾರಲಿಲ್ಲ. ಕಟ್ಟುವವನಿಗೆ ಇಷ್ಟು ವರ್ಷದ ಲೀಸೆಂದು ಕೊಟ್ಟರು. ಅವನು ತನ್ನ ಖರ್ಚಿನಲ್ಲಿ ಮನೆ ಕಟ್ಟಿ ಮಾರಿಕೊಂಡ. ವಾಯಿದೆ ಮುಗಿದಾಗ ನೆಲವೂ ಮನೆಯೂ ಒಡೆಯನ ವಂಶಕ್ಕೆ ಹಿಂದಿರುಗಿತು. ಕಟ್ಟಿದವನು ಒಬ್ಬ, ರಿಪೇರಿ ಮಾಡಿಸಿದವನು ಇನ್ನೊಬ್ಬ, ಕೊನೆಗೆ ಪಡೆದವನು ಮೂರನೆಯವನು.

ದಕ್ಷಿಣ ವೇಲ್ಸಿನ ಕಲ್ಲಿದ್ದಲ ಸೀಮೆಯಲ್ಲಿ ಇದರ ಬಿಸಿ ಬಡವರಿಗೆ ತಟ್ಟಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ೯೯ ವರ್ಷದ ಲೀಸಿನ ಮೇಲೆ ಎದ್ದ ಗಣಿ ಕೆಲಸಗಾರರ ಮನೆಗಳ ವಾಯಿದೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತೀರತೊಡಗಿತು. ಹೊಟ್ಟೆ ಬಟ್ಟೆ ಕಟ್ಟಿ ಮನೆ ಮಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಬರಿಗೈಯಾಗುವ ಕಾಲ ಬಂತು. ಈ ಕೂಗಿನ ಫಲವೇ ೧೯೬೭ರ ಲೀಸ್‌ಹೋಲ್ಡ್ ಸುಧಾರಣಾ ಕಾಯಿದೆ. ಬಿಡಿ ಮನೆಗಳ ಲೀಸುದಾರರು ಬೆಲೆ ಕೊಟ್ಟು ನೆಲವನ್ನೇ ಕೊಳ್ಳಬಹುದು, ಇಲ್ಲವೆ ಲೀಸನ್ನು ೫೦ ವರ್ಷ ಬೆಳೆಸಬಹುದು ಎಂದು ಅದು ಹಕ್ಕು ಕೊಟ್ಟಿತು. ಇದು ತಮ್ಮ ಆಸ್ತಿಯನ್ನು ಕಿತ್ತುಕೊಂಡಂತೆ ಎಂದು ವೆಸ್ಟ್‌ಮಿನ್‌ಸ್ಟರಿನ ಡ್ಯೂಕರ ಎಸ್ಟೇಟಿನ ಟ್ರಸ್ಟಿಗಳು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. ೧೯೮೬ರಲ್ಲಿ ಆ ನ್ಯಾಯಾಲಯ ಕಾಯಿದೆಯ ಪಕ್ಷದಲ್ಲಿಯೇ ತೀರ್ಪು ಕೊಟ್ಟಿತು. ಫ್ಲ್ಯಾಟುಗಳಲ್ಲಿದ್ದವರು ಮಾತ್ರ ತಮ್ಮ ಸರದಿಗಾಗಿ ೧೯೯೩ರವರೆಗೆ ಕಾಯಬೇಕಾಯಿತು.

ಫ್ಲ್ಯಾಟುಗಳು ಲೀಸಿನಲ್ಲಿಯೇ ಉಳಿದದ್ದಕ್ಕೆ ಒಡೆಯರ ಆಸೆಯೊಂದೇ ಕಾರಣವಲ್ಲ. ಒಂದು ಕಟ್ಟಡದ ಛಾವಣಿ ಸೋರಿದರೆ ಎಲ್ಲರೂ ಹಣ ಹಾಕಿ ದುರಸ್ತಿ ಮಾಡಿಸಬೇಕಷ್ಟೆ. ಹೀಗೆ ಖರ್ಚು ಮಾಡಬೇಕೆಂಬ ಕರಾರು, ಪೂರ್ಣ ಒಡೆತನದ ಸ್ವತ್ತು ಕೈ ಬದಲಾದಾಗ ಹೊಸ ಮಾಲೀಕನನ್ನು ತಾನಾಗಿ ಕಟ್ಟಿಹಾಕುವುದಿಲ್ಲ ಎಂಬುದು ಇಂಗ್ಲಿಷ್ ನ್ಯಾಯಾಲಯಗಳ ಹಳೆಯ ನಿಯಮ. ಲೀಸಿನ ಮೂಲಕವಾದರೆ ಕಟ್ಟಿಹಾಕುತ್ತದೆ. ಆದಕಾರಣ ವಕೀಲರು ಲೀಸನ್ನೇ ಹಿಡಿದರು. ಎಲ್ಲ ಫ್ಲ್ಯಾಟಿನವರೂ ಕೂಡಿ ಒಡೆಯರಾಗಿರುವ ಕಾಮನ್‌ಹೋಲ್ಡ್ ಎಂಬ ಪದ್ಧತಿಗೆ ೨೦೦೨ರ ಕಾಯಿದೆ ದಾರಿ ತೆರೆಯಿತಾದರೂ ಅದರಲ್ಲಿ ನಡೆದವರು ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ೪೫ ಲಕ್ಷಕ್ಕೂ ಹೆಚ್ಚು ಮನೆಗಳು ಲೀಸಿನವೆಂದು ಸರ್ಕಾರವೇ ಅಂದಾಜು ಮಾಡಿತ್ತು. ಅವುಗಳಲ್ಲಿ ಹೆಚ್ಚಿನವು ಫ್ಲ್ಯಾಟುಗಳು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಲೀಸಿನ ಫ್ಲ್ಯಾಟು ಬಿಸಿಲಿಗಿಟ್ಟ ಕರ್ಪೂರದಂತೆ. ಗೋಡೆ ಗಟ್ಟಿಯಾಗಿಯೇ ಇರುತ್ತದೆ, ಕರಗುವುದು ಕಾಲ. ಹಿಂದಿನವರು ೯೯ ವರ್ಷಕ್ಕೆ ಪಡೆದಿದ್ದ ಫ್ಲ್ಯಾಟನ್ನು ನೀವು ಮೂವತ್ತು ವರ್ಷದ ತರುವಾಯ ಕೊಂಡರೆ ನಿಮಗೆ ಸಿಗುವುದು ಉಳಿದ ೬೯ ವರ್ಷ ಮಾತ್ರ. ಎಣಿಕೆ ಹೊಸದಾಗಿ ಆರಂಭವಾಗುವುದಿಲ್ಲ. ವರ್ಷ ಕಡಿಮೆಯಾದಂತೆ ಬೆಲೆ ಇಳಿಯುತ್ತದೆ. ಸಾಲ ಕೊಡುವ ಬ್ಯಾಂಕುಗಳು ಹಿಂಜರಿಯುತ್ತವೆ. ಬ್ಯಾಂಕು ಹಿಂಜರಿದರೆ ಕೊಳ್ಳುವವರು ಸಿಗುವುದಿಲ್ಲ. ವಾಯಿದೆ ತೀರಿದ ದಿನವೇ ಯಾರನ್ನೂ ಬೀದಿಗೆ ತಳ್ಳುವಂತಿಲ್ಲ, ಕಾನೂನಿನ ರಕ್ಷಣೆ ಕೊಂಚ ಉಂಟು. ಆದರೆ ಅಲ್ಲಿಗೆ ಮಾಲೀಕನಾಗಿದ್ದವನು ಬಾಡಿಗೆಯವನಾಗುತ್ತಾನೆ.

ಇದಕ್ಕೆ ಪರಿಹಾರವೇ ಲೀಸನ್ನು ಬೆಳೆಸಿಕೊಳ್ಳುವುದು. ೧೯೯೩ರ ಕಾಯಿದೆ ಫ್ಲ್ಯಾಟಿನವರಿಗೆ ಕೊಟ್ಟ ಹಕ್ಕು ಹೀಗಿತ್ತು: ಮೂಲದಲ್ಲಿ ೨೧ ವರ್ಷಕ್ಕೂ ಮೀರಿದ ಲೀಸು ಇದ್ದವರು, ಉಳಿದ ವರ್ಷಗಳಿಗೆ ಇನ್ನೂ ೯೦ ವರ್ಷ ಸೇರಿಸಿ ಹೊಸ ಲೀಸನ್ನು ಕೇಳಬಹುದು. ೭೫ ಉಳಿದಿದ್ದರೆ ೧೬೫ ಆಗುತ್ತದೆ. ಕೆಲವು ಅಪವಾದಗಳನ್ನು ಬಿಟ್ಟರೆ ಒಡೆಯ ಇಲ್ಲವೆನ್ನುವಂತಿಲ್ಲ. ಬೆಲೆಯ ಬಗ್ಗೆ ಚರ್ಚಿಸಬಹುದು ಅಷ್ಟೆ. ಹೊಸ ಲೀಸಿನಲ್ಲಿ ನೆಲಬಾಡಿಗೆ ಒಂದು ಮೆಣಸಿನ ಕಾಳು! ಇದು ಹಾಸ್ಯವಲ್ಲ. ನೆಪಮಾತ್ರದ ಗೇಣಿಗೆ ಇಂಗ್ಲಿಷ್ ಪತ್ರಗಳಲ್ಲಿ ಇರುವ ಹೆಸರೇ ಅದು. ನಮ್ಮ ಘಟ್ಟದ ಸೀಮೆಯ ಮೆಣಸಿಗಾಗಿ ಯೂರೋಪಿನವರು ಹಡಗು ಕಟ್ಟಿಕೊಂಡು ಬಂದ ಕಾಲವಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಅದೇ ಮೆಣಸಿನ ಒಂದು ಕಾಳು ಆ ದೇಶದ ಕಾನೂನಿನಲ್ಲಿ ಏನೂ ಇಲ್ಲವೆಂಬುದರ ಗುರುತಾಗಿ ಉಳಿದುಕೊಂಡಿದೆ. ಅದನ್ನೂ ಯಾರೂ ಕೇಳಿ ಪಡೆಯುವುದಿಲ್ಲ.

ಹಾಗಾದರೆ ಒಡೆಯನಿಗೆ ಕೊಡಬೇಕಾದ ಇಡುಗಂಟು ಎಷ್ಟು? ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು, ಇನ್ನು ಮುಂದೆ ಅವನಿಗೆ ಬಾರದೆ ಹೋಗುವ ನೆಲಬಾಡಿಗೆಯ ಇಂದಿನ ಬೆಲೆ. ಎರಡನೆಯದು, ವಾಯಿದೆ ತೀರಿದಾಗ ಅವನ ಕೈಸೇರಬೇಕಾಗಿದ್ದ ಫ್ಲ್ಯಾಟು ಇನ್ನೂ ೯೦ ವರ್ಷ ಮುಂದಕ್ಕೆ ಹೋದದ್ದರ ನಷ್ಟ. ಎಷ್ಟೋ ವರ್ಷದ ಮೇಲೆ ಬರುವ ಹಣದ ಇಂದಿನ ಬೆಲೆಯನ್ನು ಲೆಕ್ಕಹಾಕಲು ಫ್ಲ್ಯಾಟುಗಳಿಗೆ ನೂರಕ್ಕೆ ಐದರ ದರವನ್ನು ೨೦೦೬ರ ಸ್ಪೋರ್ಟೆಲ್ಲಿ ಮೊಕದ್ದಮೆಯಲ್ಲಿ ಲ್ಯಾಂಡ್ಸ್ ಟ್ರಿಬ್ಯೂನಲ್ಲು ಗೊತ್ತುಮಾಡಿತು.

ಮೂರನೆಯ ಭಾಗದ ಹೆಸರು ವಿಚಿತ್ರ. ಅದನ್ನು ಇಂಗ್ಲಿಷಿನಲ್ಲಿ ವಿವಾಹ ಮೌಲ್ಯ ಎನ್ನುತ್ತಾರೆ. ನಮ್ಮ ಗಾದೆಯಲ್ಲಿ ಮನೆಯೂ ಮದುವೆಯೂ ಬೇರೆ ಬೇರೆ. ಅಲ್ಲಿ ಮನೆಯ ಲೆಕ್ಕದೊಳಗೇ ಒಂದು ಮದುವೆ ಕುಳಿತಿದೆ. ಲೀಸುದಾರನ ಕೈಯಲ್ಲಿರುವ ಕಿರಿದಾದ ಲೀಸು ಒಂದು ಪಾಲು, ಒಡೆಯನ ಕೈಯಲ್ಲಿರುವ ಹಕ್ಕು ಇನ್ನೊಂದು ಪಾಲು. ಲೀಸು ಬೆಳೆದಾಗ ಆಗುವ ಒಟ್ಟು ಬೆಲೆ, ಈ ಎರಡು ಪಾಲುಗಳ ಬಿಡಿ ಬೆಲೆಗಳ ಮೊತ್ತಕ್ಕಿಂತ ಹೆಚ್ಚು. ಕೂಡಿದ್ದರಿಂದ ಹುಟ್ಟಿದ ಈ ಲಾಭದ ಅರ್ಧವನ್ನು ಒಡೆಯನಿಗೆ ಕೊಡಬೇಕೆಂದು ೨೦೦೨ರ ಕಾಯಿದೆ ಗೊತ್ತುಮಾಡಿತು. ಅದರ ಜತೆಗೇ ಒಂದು ಗೆರೆಯನ್ನೂ ಎಳೆಯಿತು: ಲೀಸಿನಲ್ಲಿ ೮೦ ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಈ ಮೂರನೆಯ ಭಾಗವೇ ಇಲ್ಲ. ೮೦ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಉಂಟು.

ಈ ಗೆರೆಯ ಮಹತ್ವವನ್ನು ಒಂದು ಲೆಕ್ಕದಿಂದ ನೋಡಬಹುದು. ಬೆಳೆಸಿದ ಲೀಸಿನೊಡನೆ ೩,೦೦,೦೦೦ ಪೌಂಡು ಬೆಲೆಬಾಳುವ ಒಂದು ಫ್ಲ್ಯಾಟು, ವರ್ಷಕ್ಕೆ ಬದಲಾಗದ ೧೦೦ ಪೌಂಡು ನೆಲಬಾಡಿಗೆ ಎಂದು ಇಟ್ಟುಕೊಳ್ಳೋಣ. ಬಾಡಿಗೆಯ ಲೆಕ್ಕಕ್ಕೆ ನೂರಕ್ಕೆ ಆರರ ದರ ಹಿಡಿಯೋಣ. ೮೧ ವರ್ಷ ಉಳಿದಿರುವಾಗ ಬಾಡಿಗೆಯ ಬಾಬು ಸುಮಾರು ೧,೬೫೦ ಪೌಂಡು, ಫ್ಲ್ಯಾಟು ದೂರವಾದ ಬಾಬು ಸುಮಾರು ೫,೭೦೦ ಪೌಂಡು. ಒಟ್ಟು ಸುಮಾರು ೭,೩೫೦ ಪೌಂಡು. ಎರಡು ವರ್ಷ ತಡೆದು ೭೯ ಉಳಿದಿರುವಾಗ ಕೇಳಿದರೆ ಮೊದಲೆರಡು ಬಾಬು ಸೇರಿ ೭,೯೦೦ ಪೌಂಡಿನಷ್ಟಾಗುತ್ತದೆ. ಆಗ ಕಿರಿದಾದ ಲೀಸಿನೊಡನೆ ಫ್ಲ್ಯಾಟಿನ ಬೆಲೆ ೨,೭೯,೦೦೦ ಪೌಂಡು ಎಂದು ಹಿಡಿದರೆ ವಿವಾಹ ಮೌಲ್ಯದ ಅರ್ಧ ಸುಮಾರು ೬,೫೫೦ ಪೌಂಡು ಅದರ ಮೇಲೆ ಕೂಡುತ್ತದೆ. ಒಟ್ಟು ಸುಮಾರು ೧೪,೪೫೦ ಪೌಂಡು. ಫ್ಲ್ಯಾಟು ಅದೇ, ಒಡೆಯ ಅವನೇ. ಎರಡು ವರ್ಷದ ಅಲಕ್ಷ್ಯಕ್ಕೆ ತೆತ್ತದ್ದು ಹೆಚ್ಚುಕಡಿಮೆ ಇಮ್ಮಡಿ. ಸ್ಥಳ, ಬೆಲೆ, ಬಾಡಿಗೆಗಳಿಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ. ಗೆರೆ ದಾಟಿದಾಗ ಏರುವುದು ಮಾತ್ರ ತಪ್ಪದು.

ಈ ದಿನವನ್ನು ಮುಂಚಿತವಾಗಿಯೇ ಎಣಿಸಿಡಬಹುದು. ೯೯ ವರ್ಷದ ಲೀಸು ೧೯ನೆಯ ವರ್ಷ ತುಂಬಿದ ದಿನ ೮೦ನ್ನು ಮುಟ್ಟುತ್ತದೆ. ೨೦೧೦ರಲ್ಲಿ ಆರಂಭವಾದ ಲೀಸು ೨೦೨೯ರಲ್ಲಿ. ಕಟ್ಟಡ ಹೊಸದಾಗಿಯೇ ಕಾಣುತ್ತಿರುತ್ತದೆ, ಮಾಲೀಕರು ಸಾಲದ ಕಂತು ಕಟ್ಟುತ್ತಲೇ ಇರುತ್ತಾರೆ. ಆಗಲೇ ಗೆರೆ ಹತ್ತಿರ ಬಂದಿರುತ್ತದೆ. ಆದ್ದರಿಂದ ಲೀಸಿನ ಪ್ರತಿಯನ್ನು ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿ, ಅದು ಯಾವ ದಿನದಿಂದ ಎಷ್ಟು ವರ್ಷಕ್ಕೆ ಎಂಬುದನ್ನು ಮೊದಲು ನೋಡಬೇಕು. ಕೊಂಡ ದಿನದಿಂದ ಎಣಿಸಬಾರದು, ಲೀಸು ಆರಂಭವಾದ ದಿನದಿಂದ ಎಣಿಸಬೇಕು.

ಇನ್ನು ಕೆಲಸ ನಡೆಯುವ ಕ್ರಮ. ಈ ಬಾಬಿನ ಅನುಭವವುಳ್ಳ ಸರ್ವೇಯರಿಂದ ಬೆಲೆಯ ಅಂದಾಜು ಮಾಡಿಸಿ, ಸಾಲಿಸಿಟರ ಮೂಲಕ ಒಡೆಯನಿಗೆ ೧೯೯೩ರ ಕಾಯಿದೆಯ ೪೨ನೆಯ ಕಲಮಿನ ನೋಟೀಸು ಕೊಡಬೇಕು. ಕೊಡಲು ಸಿದ್ಧವಿರುವ ಮೊತ್ತವನ್ನು ಅದರಲ್ಲಿ ಬರೆಯಬೇಕು. ಇಲ್ಲಿ ನೆನಪಿಡಬೇಕಾದ ಮಾತು ಇದು: ಬೆಲೆಯ ಲೆಕ್ಕ ನೋಟೀಸು ಕೊಟ್ಟ ದಿನಕ್ಕೆ ನಿಂತುಬಿಡುತ್ತದೆ. ಚರ್ಚೆ ಒಂದು ವರ್ಷ ಎಳೆದು ಅಷ್ಟರಲ್ಲಿ ಲೀಸು ೮೦ಕ್ಕಿಂತ ಕೆಳಗಿಳಿದರೂ ಚಿಂತೆಯಿಲ್ಲ. ನೋಟೀಸಿನ ದಿನ ೮೦ಕ್ಕಿಂತ ಹೆಚ್ಚು ಇದ್ದರೆ ಸಾಕು. ಮನೆಯೊಳಗೆ ನಿಮ್ಮ ಖರ್ಚಿನಲ್ಲಿ ಮಾಡಿಸಿದ ಸುಧಾರಣೆಗಳಿಂದ ಹೆಚ್ಚಿದ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂಬುದೂ ತಿಳಿದಿರಲಿ.

ಒಡೆಯನು ಉತ್ತರ ಕೊಡಲು ನೋಟೀಸಿನಲ್ಲಿ ಕಡೇಪಕ್ಷ ಎರಡು ತಿಂಗಳ ಅವಧಿ ಇರಬೇಕು. ಅಷ್ಟರಲ್ಲಿ ಅವನು ಮುಂಗಡವನ್ನು ಕೇಳಬಹುದು: ನೀವು ಬರೆದ ಮೊತ್ತದ ಹತ್ತನೆಯ ಒಂದು ಪಾಲು ಅಥವಾ ೨೫೦ ಪೌಂಡು, ಯಾವುದು ಹೆಚ್ಚೋ ಅದು. ಅವನ ಉತ್ತರ ಬಂದ ಮೇಲೆ ಬೆಲೆ ಹೊಂದದಿದ್ದರೆ, ಎರಡು ತಿಂಗಳು ಕಳೆದ ಮೇಲೆ ಮತ್ತು ಆರು ತಿಂಗಳು ತುಂಬುವುದರೊಳಗೆ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಬೇಕು. ಈ ಗಡುವು ತಪ್ಪಿದರೆ ನೋಟೀಸು ತಾನಾಗಿ ಬಿದ್ದುಹೋಗುತ್ತದೆ. ಮತ್ತೆ ಹನ್ನೆರಡು ತಿಂಗಳು ಕೇಳುವಂತಿಲ್ಲ. ಒಡೆಯನೇ ಗಡುವಿನೊಳಗೆ ಉತ್ತರ ಕೊಡದಿದ್ದರೆ ಲೀಸುದಾರ ತನ್ನ ನೋಟೀಸಿನಲ್ಲಿ ಬರೆದ ಷರತ್ತುಗಳ ಮೇಲೆಯೇ ಹೊಸ ಲೀಸು ಕೊಡಿಸೆಂದು ನ್ಯಾಯಾಲಯವನ್ನು ಕೇಳಬಹುದು. ೧೯೯೩ರ ಕಾಯಿದೆಯ ಏರ್ಪಾಟಿನಂತೆ ಒಡೆಯನ ಕಡೆಯ ಯುಕ್ತವಾದ ವಕೀಲಿ ಮತ್ತು ಸರ್ವೇ ಖರ್ಚನ್ನೂ ಲೀಸುದಾರನೇ ಹೊರತಕ್ಕದ್ದು. ಇದನ್ನೂ ಲೆಕ್ಕದಲ್ಲಿಟ್ಟುಕೊಂಡೇ ಹೊರಡಬೇಕು.

ಕೆಲವು ಒಡೆಯರು, “ಇಷ್ಟೆಲ್ಲ ನೋಟೀಸು ಏಕೆ? ನಮ್ಮಲ್ಲೇ ಮಾತಾಡಿ ಮುಗಿಸೋಣ” ಎಂದು ಮುಂದೆ ಬರುವುದುಂಟು. ಒಪ್ಪಂದ ಒಳ್ಳೆಯದೇ, ಬೇಗ ಮುಗಿಯಲೂಬಹುದು. ಆದರೆ ಕಾಯಿದೆಯ ಹೊರಗೆ ಮಾಡಿಕೊಂಡ ಒಪ್ಪಂದಕ್ಕೆ ಕಾಯಿದೆಯ ೯೦ ವರ್ಷದ ಹಂಗಿಲ್ಲ. ಉಳಿದ ೭೫ನ್ನು ೯೯ಕ್ಕೆ ಏರಿಸಿ ಕೊಟ್ಟರೆ ಸಿಕ್ಕಿದ್ದು ೨೪ ವರ್ಷ ಮಾತ್ರ. ಐದು ವರ್ಷದಲ್ಲಿ ೯೪, ಹತ್ತೊಂಬತ್ತು ವರ್ಷದಲ್ಲಿ ಮತ್ತೆ ಅದೇ ೮೦ರ ಗೆರೆ. ಹಳೆಯ ವಾಯಿದೆ ಇರುವವರೆಗೆ ನೆಲಬಾಡಿಗೆ ಮುಂದುವರಿಯುವಂತೆ ಬರೆದುಕೊಳ್ಳುವುದೂ ಸಾಧ್ಯ. ಏರುವ ಬಾಡಿಗೆ ಎಂತಹ ಅಪಾಯವೆಂಬುದನ್ನು ಗುಣಿಸಿ ನೋಡಿ: ೨೫೦ ಪೌಂಡು ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾದರೆ ಐವತ್ತು ವರ್ಷದಲ್ಲಿ ೮,೦೦೦ ಪೌಂಡು. ಹೊಸದಾಗಿ ಕೊಡುವ ದೀರ್ಘ ಲೀಸುಗಳಿಗೆ ಇಂತಹ ಬಾಡಿಗೆಯನ್ನು ೨೦೨೨ರ ಜೂನ್ ೩೦ರಿಂದ ಕಾನೂನು ನಿಲ್ಲಿಸಿತು. ಅದಕ್ಕೆ ಹಿಂದಿನ ಲೀಸುಗಳನ್ನು ಆ ಕಾಯಿದೆ ಮುಟ್ಟಲಿಲ್ಲ. ಆದಕಾರಣ ಯಾವ ಒಪ್ಪಂದಕ್ಕೂ ಸಹಿ ಹಾಕುವ ಮೊದಲು ಎಷ್ಟು ವರ್ಷ, ಎಷ್ಟು ಬಾಡಿಗೆ ಎಂಬೆರಡನ್ನು ಕಾಯಿದೆ ಕೊಡುವುದರೊಡನೆ ಹೋಲಿಸಿ ನೋಡುವುದು ಜಾಣತನ.

ಈ ಕಾನೂನು ಬದಲಾವಣೆಯ ದಾರಿಯಲ್ಲಿದೆ. ೨೦೨೪ರ ಮೇ ೨೪ರಂದು ಇನ್ನೊಂದು ಸುಧಾರಣಾ ಕಾಯಿದೆಗೆ ದೊರೆಯ ಅಂಕಿತ ಬಿತ್ತು. ೯೦ ವರ್ಷದ ಬದಲು ೯೯೦ ವರ್ಷ ಸೇರಿಸಬಹುದು, ವಿವಾಹ ಮೌಲ್ಯವನ್ನು ತೆಗೆದುಹಾಕಬೇಕು ಎಂದು ಅದರಲ್ಲಿ ಬರೆದಿದೆ. ಆದರೆ ಕಾಯಿದೆಯಲ್ಲಿ ಬರೆದದ್ದೆಲ್ಲ ಒಮ್ಮೆಗೇ ಜಾರಿಗೆ ಬರಲಿಲ್ಲ. ಒಂದೊಂದು ಭಾಗಕ್ಕೂ ಸರ್ಕಾರ ದಿನ ಗೊತ್ತುಮಾಡಬೇಕು. ಫ್ಲ್ಯಾಟು ಕೊಂಡು ಎರಡು ವರ್ಷ ಕಾದ ಮೇಲೆಯೇ ಈ ಹಕ್ಕು ಎಂಬ ಹಳೆಯ ನಿಯಮ ೨೦೨೫ರ ಜನವರಿ ೩೧ರಂದು ಹೋಯಿತು. ಬೆಲೆಗೆ ಸಂಬಂಧಿಸಿದ ಕಲಮುಗಳನ್ನು ವಿರೋಧಿಸಿ ಒಡೆಯರಲ್ಲಿ ಕೆಲವರು ಹೈಕೋರ್ಟಿಗೆ ಹೋದರು. ೨೦೨೫ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಅವರ ಮನವಿಯನ್ನು ತಳ್ಳಿಹಾಕಿತು.

ಹಾಗಾದರೆ ಹೊಸ ಕಲಮುಗಳಿಗಾಗಿ ಕಾಯಬೇಕೋ, ಹಳೆಯ ಲೆಕ್ಕದಲ್ಲಿಯೇ ಮುಗಿಸಬೇಕೋ? ಎಲ್ಲರಿಗೂ ಒಂದೇ ಉತ್ತರ ಹೊಂದದು. ನೂರಕ್ಕೂ ಮೇಲ್ಪಟ್ಟು ವರ್ಷ ಉಳಿದವರಿಗೆ ಅವಸರವಿಲ್ಲ. ೮೦ಕ್ಕಿಂತ ಬಹಳ ಕೆಳಗೆ ಹೋಗಿರುವವರು, ಮನೆ ಮಾರುವ ತುರ್ತಿಲ್ಲದಿದ್ದರೆ, ವಿವಾಹ ಮೌಲ್ಯ ಹೋಗುವ ದಿನಕ್ಕಾಗಿ ಕಾಯುವುದರಲ್ಲಿ ಅರ್ಥವಿದೆ. ಆದರೆ ೮೧, ೮೨ ವರ್ಷ ಉಳಿದಿದ್ದು, ಹಳೆಯ ಲೆಕ್ಕವೇ ಜಾರಿಯಲ್ಲಿರುವಾಗ ಗೆರೆ ದಾಟಲು ಬಿಡುವುದು ಜೂಜು. ನೋಟೀಸು ಕೊಡುವ ದಿನ ಯಾವ ಕಲಮು ಜಾರಿಯಲ್ಲಿದೆ ಎಂಬುದನ್ನು ಅಲ್ಲಿಯ ಸಾಲಿಸಿಟರಿಂದ ತಿಳಿದೇ ಮುಂದುವರಿಯಬೇಕು. ಲೀಸುದಾರರಿಗೆ ಉಚಿತವಾಗಿ ಸಲಹೆ ಕೊಡಲೆಂದೇ ಸರ್ಕಾರದ ಹಣದಿಂದ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಎಂಬ ಸಂಸ್ಥೆಯನ್ನೂ ಕೇಳಬಹುದು.

ಒಂದು ಮಾತನ್ನು ಸೇರಿಸಬೇಕು. ಇದೆಲ್ಲ ಇಂಗ್ಲೆಂಡು ಮತ್ತು ವೇಲ್ಸಿನ ಮಾತು. ಪಕ್ಕದ ಸ್ಕಾಟ್‌ಲೆಂಡಿನಲ್ಲಿ ಫ್ಲ್ಯಾಟು ಕೊಂಡವರು ಅದಕ್ಕೆ ಪೂರ್ಣ ಒಡೆಯರೇ. ಅಲ್ಲಿ ಉಳಿದಿದ್ದ ಅತಿ ದೀರ್ಘ ಲೀಸುಗಳಲ್ಲಿ ಹೆಚ್ಚಿನವನ್ನು ೨೦೧೨ರ ಕಾಯಿದೆಯೊಂದು ೨೦೧೫ರ ನವೆಂಬರಿನಲ್ಲಿ ಒಡೆತನವಾಗಿ ಮಾರ್ಪಡಿಸಿತು. ಮಗ ಎಡಿನ್‌ಬರೋದಲ್ಲಿದ್ದು ಮಗಳು ಲಂಡನ್ನಿನಲ್ಲಿದ್ದರೆ, ಮಗನಿಗೆ ಇಲ್ಲದ ಚಿಂತೆ ಮಗಳಿಗೆ ಉಂಟು.

ಆಸ್ತಿ ಎಂದರೆ ನೆಲ ಎಂದು ತಿಳಿದವರು ನಾವು. ಅಲ್ಲಿ ಫ್ಲ್ಯಾಟು ಕೊಳ್ಳುವವರು ಕೊಳ್ಳುವುದು ಕಾಲವನ್ನು. ಕಾಲ ತಾನಾಗಿ ಸವೆಯುತ್ತದೆ, ಸದ್ದು ಮಾಡುವುದಿಲ್ಲ, ಯಾರೂ ಪತ್ರ ಬರೆದು ನೆನಪಿಸುವುದೂ ಇಲ್ಲ. ಲೀಸು ೮೦ಕ್ಕೆ ಇಳಿಯುವ ತಾರೀಖನ್ನು ಮಕ್ಕಳಿಂದ ಕೇಳಿ, ಹುಟ್ಟುಹಬ್ಬಗಳನ್ನು ಗುರುತು ಹಾಕಿಕೊಳ್ಳುವ ಪಂಚಾಂಗದಲ್ಲಿಯೇ ಬರೆದಿಟ್ಟುಕೊಂಡರೆ, ಅದಕ್ಕೆ ಎರಡು ವರ್ಷ ಮುಂಚಿತವಾಗಿ ಒಂದು ಮಾತು ನೆನಪಿಸಬಹುದು. ಸಮುದ್ರದಾಚೆಯ ಮನೆಗೆ ಇಲ್ಲಿಂದಲೇ ಮಾಡಬಹುದಾದ ಉಪಕಾರ ಅದು, ಖರ್ಚೂ ಇಲ್ಲ.